ಒಟ್ಟಿಗೆ ಕಾಡಿಗೆ ಹೊರಡುವ ಮುನ್ನ

ಯೋಜನೆಗೆ ಹಣ ಮಂಜೂರಾಯಿತೆಂಬ ಪತ್ರ ಬಂದಿದೆಯಂತೆ, ಸಂತೋಷ. ವೈರಾಣು ತಜ್ಞರು ಪುಣೆಯಲ್ಲಿ, ಪಶುವೈದ್ಯರು ಯಲಹಂಕದಲ್ಲಿ, ಕಾಡು ಬಲ್ಲವರು ಬೆಂಗಳೂರಿನ ಇನ್ನೊಂದು ಮೂಲೆಯಲ್ಲಿ, ನಕ್ಷೆ ಮಾಡುವವರು ಕಡಲಾಚೆ, ಕಾಯಿಲೆ ಬೀಳುವವರು ಮಾತ್ರ ಸಾಗರ, ತೀರ್ಥಹಳ್ಳಿ, ಸಿದ್ದಾಪುರದ ಕಡೆ. ಇಷ್ಟು ಜನರನ್ನು ಕಟ್ಟಿಕೊಂಡು ಮಂಗನ ಕಾಯಿಲೆಯ ಬೆನ್ನು ಹತ್ತಿ ಹೊರಟಿದ್ದೀರಿ. ಸಿಹಿ ಹಂಚಿ, ಫೋಟೊ ತೆಗೆಸಿಕೊಳ್ಳಿ, ಬೇಡವೆನ್ನುವುದಿಲ್ಲ. ಆಮೇಲೆ ಒಂದು ಗಳಿಗೆ ಕೂತು ನನ್ನ ಮಾತು ಕೇಳಿ. ಇಂಥ ಜಂಟಿ ಯೋಜನೆಗಳು ಹುಟ್ಟುವುದನ್ನೂ ಅವುಗಳಲ್ಲಿ ಕೆಲವು ನಡುದಾರಿಯಲ್ಲಿ ಸೊರಗುವುದನ್ನೂ ನೋಡುತ್ತಲೇ ನನ್ನ ಕೂದಲು ಹಣ್ಣಾಗಿದೆ. ಸೊರಗಿದ ಯೋಜನೆಗಳಲ್ಲೂ ಬುದ್ಧಿವಂತರಿಗೆ ಬರವಿರಲಿಲ್ಲ. ನಡುವಿನ ಕೆಲಸವನ್ನು ಮಾತ್ರ ಯಾರೂ ಕೆಲಸವೆಂದು ಎಣಿಸಿರಲಿಲ್ಲ.

ನಡುವಿನ ಕೆಲಸವೆಂದರೆ ಏನು ಅನ್ನುತ್ತೀರಾ? ಯಾರ ರಕ್ತದ ಮಾದರಿ ಯಾವ ಪ್ರಯೋಗಾಲಯಕ್ಕೆ ಎಂದು ತಲುಪಬೇಕು, ತಲುಪದಿದ್ದರೆ ಯಾರು ಫೋನು ಮಾಡಬೇಕು, ಸಭೆಯಲ್ಲಿ ಒಪ್ಪಿದ್ದನ್ನು ಯಾರು ಬರೆದಿಡಬೇಕು, ಜೀಪಿನ ಬಿಲ್ಲು ಯಾವ ಸಂಸ್ಥೆಯ ಖಾತೆಗೆ, ಹೊಸದಾಗಿ ಸೇರಿದ ಹುಡುಗಿಗೆ ಹಿಂದಿನ ಕಥೆ ಯಾರು ಹೇಳಬೇಕು. ಇದೆಲ್ಲ ತಾನಾಗಿ ಆಗುತ್ತದೆಂದು ನೀವು ನಂಬಿದ್ದೀರಿ. ಆಗುವುದಿಲ್ಲ. ಅದಕ್ಕೆಂದೇ ಒಬ್ಬರನ್ನು ಸಂಬಳ ಕೊಟ್ಟು ನೇಮಿಸಿ. 'ವಿದ್ಯಾರ್ಥಿಗಳು ನೋಡಿಕೊಳ್ಳುತ್ತಾರೆ' ಅನ್ನಬೇಡಿ, ಅವರಿಗೆ ಪ್ರಬಂಧ ಬರೆಯುವುದಿದೆ.

ಇದು ನನ್ನೊಬ್ಬಳ ಗೊಣಗಾಟ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಕಮಿಂಗ್ಸ್ ಮತ್ತು ಕೀಸ್ಲರ್ ಎಂಬ ಇಬ್ಬರು, ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಹಣ ಕೊಟ್ಟ 62 ಜಂಟಿ ಯೋಜನೆಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದರು. ಬೇರೆ ಬೇರೆ ವಿಷಯದವರು ಕೂಡಿದ್ದರಿಂದ ಫಲವೇನೂ ಕಡಿಮೆಯಾಗಿರಲಿಲ್ಲ. ಬೇರೆ ಬೇರೆ ವಿಶ್ವವಿದ್ಯಾಲಯಗಳು ಕೂಡಿದಲ್ಲಿ ಕಡಿಮೆಯಾಗಿತ್ತು. ಅಂಥ ತಂಡಗಳಿಗೆ ಹೊಂದಾಣಿಕೆಯ ಏರ್ಪಾಡು ಉಳಿದವರಿಗಿಂತ ಹೆಚ್ಚು ಬೇಕಿತ್ತು, ಅವರು ಮಾಡಿಕೊಂಡದ್ದು ಕಡಿಮೆ. ಮಾಡಿಕೊಂಡಲ್ಲಿ ತೊಂದರೆಯೂ ತಗ್ಗಿತ್ತು. ಆದ್ದರಿಂದ ಸಮಾಜಶಾಸ್ತ್ರದವರ ಮಾತು ಅರ್ಥವಾಗುವುದಿಲ್ಲ, ಗಣಿತದವರಿಗೆ ಕಾಡು ಗೊತ್ತಿಲ್ಲ ಎಂದು ವಿಷಯದ ಮೇಲೆ ಗೂಬೆ ಕೂರಿಸುವುದನ್ನು ಬಿಡಿ. ತೊಡಕು ಹೆಚ್ಚಾಗಿರುವುದು ಕಚೇರಿ ಕಚೇರಿಗಳ ನಡುವಿನ ದಾರಿಯಲ್ಲಿ.

ನೀವು ಹಿಡಿದ ವಿಷಯದ ಚರಿತ್ರೆಯನ್ನೇ ಒಮ್ಮೆ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸತ್ತು ಬಿದ್ದವು, ಊರವರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಆ ಕೇಂದ್ರವೇ ಕೂಡುಸಂಸಾರ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಹುಟ್ಟುಹಾಕಿದ್ದು. ಮಂಗ ಸಾಯುತ್ತಿದೆ ಎಂದಕೂಡಲೇ ಹಳದಿ ಜ್ವರ ನಮ್ಮ ದೇಶಕ್ಕೂ ಬಂತೇ ಎಂದು ಮೊದಲು ಗಾಬರಿಯಾಯಿತು. ಕೊನೆಗೆ ಸಿಕ್ಕಿದ್ದು ರಷ್ಯದ ಕಡೆ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಾಣುವಿಗೆ ನೆಂಟನಾದ ಹೊಸ ವೈರಾಣು. ಅಲ್ಲಿಗೆ ಒಂದು ವಿಷಯದವರಿಂದ ಮುಗಿಯುವ ಮಾತಲ್ಲ ಎಂದಾಯಿತು. ಉಣುಗು ಬಲ್ಲವರು ಬೇಕಾದರು, ಉಣುಗು ಹತ್ತುವ ಇಲಿ, ಮುಸಿಯ, ದನಗಳನ್ನು ಬಲ್ಲವರು ಬೇಕಾದರು. ಉತ್ತರದಿಂದ ವಲಸೆ ಬರುವ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದೇ ಎಂಬ ಅನುಮಾನ ಹುಟ್ಟಿ, 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಪಕ್ಷಿತಜ್ಞ ಸಲೀಂ ಅಲಿಯವರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಶುರುಮಾಡಿತು. ಸತ್ತ ಮಂಗದಿಂದ ಹೊರಟ ಪ್ರಶ್ನೆ ಹಕ್ಕಿಯ ಕಾಲಿನ ತನಕ ಹೋಯಿತು ನೋಡಿ. ನಿಮ್ಮ ತಂಡ ದೊಡ್ಡದಾಗಿರುವುದು ಶೋಕಿಗಲ್ಲ, ಕಾಯಿಲೆಯೇ ಅಷ್ಟು ಕಡೆ ಕಾಲಿಟ್ಟಿದೆ.

ಹಾಗಿರುವಾಗ ಪ್ರಶ್ನೆಯನ್ನು ಕೂಡಿ ಕೂತು ಬರೆಯಿರಿ. ಈಗಿನ ಅಭ್ಯಾಸ ನನಗೆ ಗೊತ್ತು. ಅರ್ಜಿಯ ಕೊನೆಯ ದಿನಕ್ಕೆ ಮೂರು ದಿನ ಇದೆ ಎನ್ನುವಾಗ ಒಬ್ಬೊಬ್ಬರೂ ಎರಡೆರಡು ಪುಟ ಕಳಿಸುತ್ತೀರಿ, ಯಾರೋ ಒಬ್ಬರು ಅದನ್ನೆಲ್ಲ ಅಂಟಿಸಿ ಕೊಡುತ್ತಾರೆ. ಹಣವೂ ಬರುತ್ತದೆ. ಆಮೇಲೆ ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ವೈರಾಣು ತಜ್ಞರಿಗೆ ತಳಿಯ ವಂಶಾವಳಿ ಬೇಕು, ಪರಿಸರದವರಿಗೆ ಇಲಿಗಳ ಎಣಿಕೆ ಬೇಕು, ಆರೋಗ್ಯ ಇಲಾಖೆಯವರಿಗೆ ಈ ಬೇಸಿಗೆಯಲ್ಲಿ ಯಾವ ಊರಿಗೆ ಮೊದಲು ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ತೈಲದ ಬಾಟಲಿ ಕಳಿಸಬೇಕೆಂಬುದು ತಿಳಿದರೆ ಸಾಕು. ಮೂವರದೂ ನ್ಯಾಯವೇ. ಆದರೆ ಯಾವುದು ಮೊದಲು ಎಂಬುದನ್ನು ಹಣ ಬಂದ ಮೇಲೆ ಮಾತಾಡಿದರೆ ಅದು ಜಗಳ, ಮೊದಲೇ ಮಾತಾಡಿದರೆ ಯೋಜನೆ.

ಚೆನ್ನಾಗಿ ಮಾಡಿದವರೂ ಇದ್ದಾರೆ, ಅವರನ್ನು ನೋಡಿ ಕಲಿಯಿರಿ. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಪಶುರೋಗಗಳ ಲೆಕ್ಕ ನೋಡುವ ಯಲಹಂಕದ ನಿವೇದಿ ಸಂಸ್ಥೆ, ಪುಣೆಯ ವೈರಾಣು ಸಂಸ್ಥೆ, ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇವರೆಲ್ಲ ಸೇರಿ ಈ ಕಾಯಿಲೆಯ ಮೇಲೆ ಕೆಲಸ ಮಾಡಿದರು. ನಕ್ಷೆ ಮಾಡಿ ತಂದು ಇಲಾಖೆಯ ಮೇಜಿನ ಮೇಲಿಟ್ಟು ಬಳಸಿಕೊಳ್ಳಿ ಎನ್ನಲಿಲ್ಲ. ಎಂಥ ನಕ್ಷೆ ಬೇಕು, ಏನೇನನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದು ಆರೋಗ್ಯ, ಪಶುಪಾಲನೆ, ಅರಣ್ಯ ಇಲಾಖೆಗಳ ಕಡೆಯವರನ್ನು ಮೊದಲೇ ಕೂರಿಸಿ ಕೇಳಿದರು. 2020ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ನಿತ್ಯಹರಿದ್ವರ್ಣ ಕಾಡೂ ಪ್ಲಾಂಟೇಶನ್ನೂ ಬೆರೆತಿರುವ, ನಾಡದನಗಳು ಹೆಚ್ಚಿರುವ ಕಡೆ ಅಪಾಯ ಹೆಚ್ಚು. ದನದ ಲೆಕ್ಕ ಪಶುಪಾಲನೆಯವರದು, ಕಾಡಿನ ಚಿತ್ರ ಉಪಗ್ರಹದ್ದು, ರೋಗಿಗಳ ಪಟ್ಟಿ ಆರೋಗ್ಯ ಇಲಾಖೆಯದು. ಒಬ್ಬರು ಮುನಿಸಿಕೊಂಡು ಕೂತಿದ್ದರೂ ಆ ನಕ್ಷೆ ಆಗುತ್ತಿರಲಿಲ್ಲ.

ಅನುಮತಿಗಳ ವಿಷಯದಲ್ಲಿ ನಿಮ್ಮನ್ನು ಸ್ವಲ್ಪ ಗದರಲೇಬೇಕು. ಈ ಕಾಯಿಲೆಯ ಕಾಲ ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇ ತನಕ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಉಣುಗಿನ ಎಳೆಯ ಮರಿ, ಅದು ಎದ್ದು ಕೂರುವುದು ಮಳೆ ನಿಂತ ಮೇಲೆ. ಕಾಡಿಗೆ ಕಾಲಿಡಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಮಂಗದ ಮೈ ಮುಟ್ಟುವುದಾದರೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಜನರ ರಕ್ತ ತೆಗೆಯಲು ನೈತಿಕ ಸಮಿತಿ ಒಪ್ಪಬೇಕು. ವಿದೇಶದವರು ಕೂಡಿದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯೂ ನೋಡಬೇಕು. ಪ್ರತಿ ಸಂಸ್ಥೆಯೂ ತನ್ನ ನೈತಿಕ ಸಮಿತಿಯೇ ದೊಡ್ಡದೆಂದು ತಿಳಿದು ಬೇರೆ ಬೇರೆ ತಿದ್ದುಪಡಿ ಕೇಳುತ್ತದೆ, ನೀವು ಒಪ್ಪಿಗೆ ಪತ್ರದ ನಮೂನೆಯನ್ನು ಮತ್ತೆ ಮತ್ತೆ ಬರೆಯುತ್ತೀರಿ. ಕೊನೆಯ ಕಾಗದ ಜೂನಿನಲ್ಲಿ ಕೈಗೆ ಬಂದರೆ ಮೂರು ವರ್ಷದ ಯೋಜನೆಯಲ್ಲಿ ಒಂದು ವರ್ಷ ಹೋಯಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತಾಗುತ್ತದೆ. ಹಣ ಬರುವವರೆಗೆ ಕಾಯದೆ ಅರ್ಜಿಗಳನ್ನು ಇವತ್ತೇ ಹಾಕಿ, ಎಲ್ಲ ಸಂಸ್ಥೆಗಳೂ ಒಂದೇ ನಮೂನೆ ಬಳಸುವಂತೆ ಸಮಿತಿಗಳನ್ನು ಮೊದಲೇ ಕೇಳಿಕೊಳ್ಳಿ.

ಹಣದ ವಿಭಾಗವೂ ಹಾಗೇ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂದು ಲೆಕ್ಕಪತ್ರದವರನ್ನು ಬೈಯುತ್ತೀರಲ್ಲ, ಅವರನ್ನು ಒಂದು ದಿನವಾದರೂ ಸಭೆಗೆ ಕರೆದಿದ್ದೀರಾ? ಮಲೆನಾಡಿನ ಮನೆಯವರು ಊಟ ಹಾಕಿದ್ದಕ್ಕೆ ಜಿಎಸ್‌ಟಿ ರಸೀದಿ ಸಿಗುವುದಿಲ್ಲ ಎಂದು ಅವರಿಗೆ ಯಾರಾದರೂ ಹೇಳಬೇಕು. ಮೊದಲೇ ಹೇಳಿದರೆ ದಾರಿ ಅವರೇ ತೋರಿಸುತ್ತಾರೆ.

ಹಣದ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ದುಡ್ಡು ಎಲ್ಲಿಂದ ಬಂತೆಂಬುದನ್ನು ಎಂದೂ ಮುಚ್ಚಿಡಬೇಡಿ. ಆಗ ಹೇಳಿದೆನಲ್ಲ, ಹಕ್ಕಿಗಳ ವಲಸೆಯ ಅಧ್ಯಯನ, ಅದಕ್ಕೆ ಮುಂದೆ ಅಮೆರಿಕದ ಸೇನೆಗೆ ಸೇರಿದ ಒಂದು ಯೋಜನೆಯಿಂದಲೂ ಹಣ ಬಂತು. 1970ರ ದಶಕದಲ್ಲಿ ಅದೇ ದೊಡ್ಡ ಗುಲ್ಲಾಗಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯವರೆಗೆ ಹೋಯಿತು. ಉಂಗುರ ತೊಡಿಸಿದವರ ಕೆಲಸ ಶುದ್ಧವಾದದ್ದೇ. ಆದರೆ ಒಮ್ಮೆ ಹೊತ್ತಿಕೊಂಡ ಅನುಮಾನ ಆರುವುದಕ್ಕೆ ಬಹಳ ಕಾಲ ಬೇಕು. ಯಾರ ಹಣ, ಯಾವ ಕರಾರು, ಮಾದರಿ ದೇಶದ ಹೊರಗೆ ಹೋಗುತ್ತದೆಯೇ ಇಲ್ಲವೇ ಎಂಬುದನ್ನು ತಂಡದ ಕೊನೆಯ ಸಹಾಯಕನೂ ಊರಿನ ಪಂಚಾಯಿತಿ ಸದಸ್ಯನೂ ಕೇಳಿದ ಕೂಡಲೇ ಹೇಳುವಂತಿರಬೇಕು.

ಇನ್ನು ಲೆಕ್ಕ, ಅಳತೆ, ದಾಖಲೆ. ಇಲ್ಲಿ ನಿಮ್ಮ ಉದಾಸೀನವನ್ನು ನಾನು ಸಹಿಸುವುದಿಲ್ಲ. 'ನಮ್ಮ ನಡುವೆ ಎಲ್ಲ ಗೊತ್ತಿದೆ' ಎಂದುಕೊಳ್ಳುವುದೇ ಕೇಡಿನ ಮೂಲ. ನಾಸಾದವರು 1998ರ ಡಿಸೆಂಬರಿನಲ್ಲಿ ಮಂಗಳ ಗ್ರಹಕ್ಕೆ ಕಳಿಸಿದ ಕ್ಲೈಮೇಟ್ ಆರ್ಬಿಟರ್ ನೌಕೆಯ ಕಥೆ ಕೇಳಿರಬೇಕು. ನೌಕೆ ಕಟ್ಟಿದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ತಂತ್ರಾಂಶ ತಳ್ಳುಬಲವನ್ನು ಪೌಂಡಿನಲ್ಲಿ ಕೊಟ್ಟಿತು, ದಾರಿ ಲೆಕ್ಕಹಾಕುವ ನಾಸಾದ ಪ್ರಯೋಗಾಲಯ ಜೆಪಿಎಲ್‌ನವರು ಅದನ್ನು ನ್ಯೂಟನ್ ಎಂದು ಓದಿಕೊಂಡರು. 1999ರ ಸೆಪ್ಟೆಂಬರ್ 23ರಂದು ನೌಕೆ ಹೋಯಿತು. ಹೆಚ್ಚು ಬೇಸರದ ಸಂಗತಿಯೆಂದರೆ, ಲೆಕ್ಕ ತಾಳೆಯಾಗುತ್ತಿಲ್ಲವೆಂಬ ಅನುಮಾನ ದಾರಿ ನೋಡುವವರಿಗೆ ಮೊದಲೇ ಬಂದಿತ್ತು. ಆ ಅನುಮಾನ ಕೇಳಬೇಕಾದವರ ಕಿವಿಗೆ ಸರಿಯಾದ ದಾರಿಯಲ್ಲಿ ತಲುಪಲಿಲ್ಲ. ನಿಮ್ಮಲ್ಲಿ ಕಿರಿಯರೊಬ್ಬರಿಗೆ 'ಇದು ಸರಿಯಿಲ್ಲ' ಅನ್ನಿಸಿದರೆ ಯಾರಿಗೆ ಹೇಳಬೇಕು, ಕೇಳಿದವರು ಎಷ್ಟು ದಿನದಲ್ಲಿ ಉತ್ತರ ಕೊಡಬೇಕು ಎಂಬುದನ್ನು ಬರೆದಿಡಿ.

ನಿಮ್ಮ ಕೆಲಸದಲ್ಲಿ ಪೌಂಡು ನ್ಯೂಟನ್ನು ಇಲ್ಲದಿರಬಹುದು. ಊರಿನ ಹೆಸರಿದೆಯಲ್ಲ! ರೋಗಿಯ ಚೀಟಿಯಲ್ಲಿ ಹೊಸೂರು ಎಂದು ಬರೆದಿದೆ. ಯಾವ ಹೊಸೂರು? ನಮ್ಮ ರಾಜ್ಯದಲ್ಲಿ ಹೊಸೂರಿಗೂ ಹೊಸಹಳ್ಳಿಗೂ ಬರವೇ? ಒಬ್ಬರು ಊರು ಬರೆಯುತ್ತಾರೆ, ಇನ್ನೊಬ್ಬರು ಗ್ರಾಮ ಪಂಚಾಯಿತಿ, ಮತ್ತೊಬ್ಬರು ಆಸ್ಪತ್ರೆ ಇರುವ ಊರು. ಮೂರನ್ನೂ ಒಂದೇ ನಕ್ಷೆಯ ಮೇಲೆ ಚುಕ್ಕೆ ಇಟ್ಟರೆ ಕಾಯಿಲೆ ಆಸ್ಪತ್ರೆಯ ಅಂಗಳದಲ್ಲೇ ಹುಟ್ಟಿದಂತೆ ಕಾಣುತ್ತದೆ. ಜನಗಣತಿಯ ಗ್ರಾಮ ಸಂಖ್ಯೆ ಹಾಕಿ, ಹೆಸರನ್ನು ಕನ್ನಡದಲ್ಲೂ ಬರೆಯಿರಿ. ಹಾಗೆಯೇ ಜನವರಿಯಿಂದ ಡಿಸೆಂಬರಿನವರೆಗಿನ ಲೆಕ್ಕ ಈ ಕಾಯಿಲೆಗೆ ಹೊಂದುವುದಿಲ್ಲ, ಒಂದೇ ಹಂಗಾಮನ್ನು ನಡುವೆ ಕತ್ತರಿಸುತ್ತದೆ. ಡಿಸೆಂಬರಿನ ರೋಗಿಯೂ ಮರುತಿಂಗಳ ರೋಗಿಯೂ ಒಂದೇ ಹಂಗಾಮಿನವರು. ಶಂಕಿತರೆಂದರೆ ಯಾರು, ಖಚಿತರೆಂದರೆ ಯಾವ ಪರೀಕ್ಷೆ ಆದವರು, ಮಂಗ ಸತ್ತ ದಿನ ಯಾವುದು, ಹೆಣ ಕಂಡ ದಿನ ಯಾವುದು, ಇವೆಲ್ಲ ಒಂದು ಹಾಳೆಯಲ್ಲಿರಲಿ. ಆ ಹಾಳೆ ಎಲ್ಲ ಸಂಸ್ಥೆಗಳ ಗೋಡೆಯ ಮೇಲೂ ಇರಲಿ.

ಎಕ್ಸೆಲ್ ಹಾಳೆಗಳನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸಿ, 'ಅಂತಿಮ', 'ನಿಜವಾದ ಅಂತಿಮ', 'ಅಂತಿಮ 3' ಎಂದು ಹೆಸರಿಡುವುದನ್ನು ದಯವಿಟ್ಟು ನಿಲ್ಲಿಸಿ. ಎಕ್ಸೆಲ್ಲನ್ನು ಕಣ್ಣು ಮುಚ್ಚಿ ನಂಬುವುದೂ ಬೇಡ, ಕೆಲವು ಜೀನುಗಳ ಹೆಸರನ್ನು ಅದು ತಾನಾಗಿ ತಾರೀಖು ಮಾಡಿಬಿಡುತ್ತಿತ್ತು. 2016ರಲ್ಲಿ ಪರೀಕ್ಷಿಸಿ ನೋಡಿದಾಗ, ಜೀನುಗಳ ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ಲಗತ್ತಿಸಿದ್ದ ಲೇಖನಗಳ ಪೈಕಿ ಐದಕ್ಕೆ ಒಂದರಲ್ಲಿ ಈ ದೋಷವಿತ್ತು. ಕೊನೆಗೆ 2020ರ ಹೊತ್ತಿಗೆ ಅಂಥ ಜೀನುಗಳ ಹೆಸರನ್ನೇ ಬದಲಾಯಿಸಬೇಕಾಯಿತು. ಆಗ ಯಂತ್ರ ತಿದ್ದಿಕೊಳ್ಳಲಿಲ್ಲ, ಮನುಷ್ಯರೇ ತಗ್ಗಬೇಕಾಯಿತು. ಒಂದೇ ಕಡೆ ಒಂದೇ ಪ್ರತಿ ಇಡಿ, ಅದನ್ನು ಕಾಯುವವರು ಒಬ್ಬರಿರಲಿ, ಯಾರು ಯಾವಾಗ ಏನು ತಿದ್ದಿದರೆಂಬುದು ಉಳಿಯುವಂತಿರಲಿ.

ಲೇಖನದ ಮೇಲೆ ಯಾರ ಹೆಸರು ಎಂಬ ಮಾತನ್ನು ಎತ್ತಲು ನಿಮಗೆ ಸಂಕೋಚ. ಮದುವೆ ಮನೆಯಲ್ಲಿ ಯಾರಿಗೆ ಯಾವ ಸೀರೆ ಎಂಬ ಮಾತೇ ಮೊದಲು ಬರುತ್ತದೆ, ಅಲ್ಲಿಲ್ಲದ ಸಂಕೋಚ ಇಲ್ಲೇಕೆ? ಮೊದಲ ತಿಂಗಳಲ್ಲೇ ಮಾತಾಡಿ ಬರೆದಿಡಿ, ಆರು ತಿಂಗಳಿಗೊಮ್ಮೆ ತೆರೆದು ನೋಡಿ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಿಯಮ ಸ್ಪಷ್ಟವಾಗಿದೆ: ಹಣ ತಂದದ್ದು, ಮೇಲುಸ್ತುವಾರಿ ನೋಡಿದ್ದು ಇಷ್ಟರಿಂದಲೇ ಯಾರೂ ಲೇಖಕರಾಗುವುದಿಲ್ಲ. ವಿಭಾಗದ ಮುಖ್ಯಸ್ಥರ ಹೆಸರನ್ನು ಮರ್ಯಾದೆಗೆಂದು ಸೇರಿಸುವ ಚಾಳಿ ಬಿಡಿ. ಅವರಿಗೆ ಕೃತಜ್ಞತೆ ಹೇಳುವ ಜಾಗ ಲೇಖನದ ಕೊನೆಯಲ್ಲಿದೆ. ಗಣಿತದವರಲ್ಲಿ ಹೆಸರುಗಳು ಅಕಾರಾದಿಯಾಗಿ ಬರುತ್ತವೆ, ಜೀವಶಾಸ್ತ್ರದವರಲ್ಲಿ ಕೊನೆಯ ಹೆಸರು ಹಿರಿಯರದು. ಇದು ತಿಳಿಯದೆ ಎಷ್ಟೋ ಜನ ಸುಮ್ಮಸುಮ್ಮನೆ ಮುಖ ಗಂಟುಹಾಕಿಕೊಂಡಿದ್ದಾರೆ. ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದು ಮಾತಾಡಬೇಕಾದ ಹೊತ್ತಿಗೆ ಮಾತಾಡುವವರನ್ನು ಕಂಡೇ.

ಎರಡು ಸಂಸ್ಥೆಗಳ ನಡುವೆ ಹಂಚಿಹೋದ ವಿದ್ಯಾರ್ಥಿಗಳ ಬಗ್ಗೆ ನನಗೆ ಮರುಕ. ಇಬ್ಬರು ಮಾರ್ಗದರ್ಶಕರು, ಇಬ್ಬರಿಗೂ ವಾರದ ವರದಿ, ಒಬ್ಬರು ಕಾಡಿಗೆ ಹೋಗು ಎಂದರೆ ಇನ್ನೊಬ್ಬರು ಕಂಪ್ಯೂಟರ್ ಮುಂದೆ ಕೂರು ಎನ್ನುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಭಿನ್ನಾಭಿಪ್ರಾಯ ಬಂದಾಗ ಯಾರ ಮಾತು ಕೊನೆಯದು ಎಂದು ಆ ಮಕ್ಕಳ ಕೈಗೆ ಬರೆದು ಕೊಡಿ.

ಸಮಾಜಶಾಸ್ತ್ರದವರನ್ನು ಕೊನೆಯ ವರ್ಷ ಕರೆದು 'ಜನರಿಗೆ ತಿಳಿಹೇಳಿ ಬನ್ನಿ' ಎನ್ನುವ ಪದ್ಧತಿಯೂ ಬೇಡ. ಎಲೆ, ದರಗು, ಸೌದೆ ತರಲು ಯಾರು ಕಾಡಿಗೆ ಹೋಗುತ್ತಾರೆ, ಡೆಪಾ ತೈಲ ಮನೆಯಲ್ಲಿದ್ದರೂ ಏಕೆ ಹಚ್ಚಿಕೊಳ್ಳುವುದಿಲ್ಲ, ಜ್ವರ ಬಂದರೆ ಮೊದಲು ಯಾರ ಬಳಿ ಹೋಗುತ್ತಾರೆ ಎಂಬುದು ತಿಳಿಯದೆ ಉಣುಗು ಎಣಿಸಿ ಏನು ಫಲ? ಅವರು ಮೊದಲ ಸಭೆಯಲ್ಲೇ ಇರಬೇಕು. ಇಪ್ಪತ್ತು ಜನರೊಡನೆ ಕೂತು ಮಾತಾಡಿದ್ದು ಪುರಾವೆಯೇ ಎಂದು ಅಂಕಿಯವರು ಮೂಗು ಮುರಿಯುತ್ತಾರೆ, ಜನರನ್ನು ಚುಕ್ಕೆ ಮಾಡಿಬಿಟ್ಟಿರೆಂದು ಇವರು ಸಿಡುಕುತ್ತಾರೆ. ಅಮೆರಿಕದ ಐಡಹೊ ವಿಶ್ವವಿದ್ಯಾಲಯದಲ್ಲಿ ಇದಕ್ಕೆ 'ಟೂಲ್‌ಬಾಕ್ಸ್' ಎಂಬ ಪದ್ಧತಿ ಕಟ್ಟಿದ್ದಾರೆ. 'ಎಣಿಸಲಾಗದ್ದು ವಿಜ್ಞಾನವಲ್ಲ' ಎಂಬ ಥರದ ಕೆಲವು ಹೇಳಿಕೆ ಕೊಟ್ಟು, ಎಷ್ಟು ಒಪ್ಪುತ್ತೀರೆಂದು ಪ್ರತಿಯೊಬ್ಬರೂ ಅಂಕ ಹಾಕಿ, ಆಮೇಲೆ ಅದರ ಮೇಲೆ ಮಾತಾಡುವುದು. ಒಂದು ಮಧ್ಯಾಹ್ನ ಸಾಕು. ಎಲ್ಲರೂ ಒಪ್ಪಬೇಕೆಂದಿಲ್ಲ, ಯಾರು ಎಲ್ಲಿ ನಿಂತಿದ್ದಾರೆಂದು ಗೊತ್ತಾದರಾಯಿತು.

ಆನ್‌ಲೈನ್ ಸಭೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇರಲಿ, ಚಿಕ್ಕದಾಗಿರಲಿ. ಒಟ್ಟಿಗೆ ಒಂದೇ ಜಾಗದಲ್ಲಿ ಕೆಲಸ ಮಾಡುವ ದಿನಗಳನ್ನು ಮಾತ್ರ ಹಣದ ಪಟ್ಟಿಯಿಂದ ತೆಗೆಯಬೇಡಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯಗಳವರು ಕೂಡಿ 1965ರಲ್ಲಿ ವಾತಾವರಣದ ನ್ಯೂಟ್ರಿನೊದ ಗುರುತು ಕಂಡದ್ದು ನಮ್ಮ ಕೋಲಾರದ ಚಿನ್ನದ ಗಣಿಯೊಳಗೆ, ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ. ಇ-ಮೇಲ್ ಇಲ್ಲದ ಕಾಲ ಅದು. ವೈರಾಣು ತಜ್ಞರು ಒಂದು ಬೆಳಗ್ಗೆಯಾದರೂ ಕಾಡಿನ ನೆಲದ ಮೇಲೆ ಬಿಳಿ ಫ್ಲಾನೆಲ್ ಬಟ್ಟೆ ಎಳೆದು ಉಣುಗು ಹಿಡಿಯಲಿ. ನಕ್ಷೆಯವರು ಒಂದು ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಕೂತು ಚೀಟಿ ಬರೆಯುವುದನ್ನು ನೋಡಲಿ. ಆಮೇಲೆ ದಾಖಲೆಯಲ್ಲಿ ಒಂದು ಕಲಂ ಖಾಲಿ ಇದ್ದರೆ ಯಾರೂ ಯಾರನ್ನೂ ಸೋಮಾರಿ ಅನ್ನುವುದಿಲ್ಲ.

ಬಟ್ಟೆ ಎಳೆಯುವವರ ಮಾತು ಬಂತಲ್ಲ, ಅವರ ಸುರಕ್ಷತೆಯನ್ನು ಯಾವ ಸಂಸ್ಥೆ ನೋಡಿಕೊಳ್ಳುತ್ತದೆ? ಈ ವೈರಾಣು ಪ್ರಯೋಗಾಲಯದಲ್ಲಿ ಕೆಲಸ ಮಾಡುವವರಿಗೂ ತಗುಲಿದ ಚರಿತ್ರೆ ಇದೆ. ದೊಡ್ಡ ಸಂಸ್ಥೆಯ ನೌಕರನಿಗೆ ವಿಮೆ, ದಿನಗೂಲಿಯ ಸ್ಥಳೀಯ ಹುಡುಗನಿಗೆ ಬರೀ ಎಚ್ಚರಿಕೆಯ ಮಾತು, ಇದು ಸಲ್ಲದು. ಬೂಟು, ತೈಲ, ವಿಮೆ ಎಲ್ಲರಿಗೂ ಒಂದೇ ಇರಲಿ. ಸತ್ತ ಮಂಗವನ್ನು ಮೊದಲು ಕಾಣುವವರು ಅರಣ್ಯ ವೀಕ್ಷಕರು, ಊರಿನ ಜನ, ಆಶಾ ಕಾರ್ಯಕರ್ತೆಯರು. ಅವರ ಒಂದು ಫೋನು ಬಂದರೆ ತಾನೇ ಹೆಣದ ಸುತ್ತ ಉಣುಗು ಕೊಲ್ಲುವ ಪುಡಿ ಸಿಂಪಡಿಸುವುದು, ಪಶುವೈದ್ಯರು ಬಂದು ಮಾದರಿ ತೆಗೆಯುವುದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಲೇಖನ ಪ್ರಕಟವಾದ ಮೇಲೆ ಅವರನ್ನು ಮರೆಯಬೇಡಿ. ಕಂಡುಕೊಂಡದ್ದನ್ನು ಮುಂದಿನ ಹಂಗಾಮು ಶುರುವಾಗುವ ಮೊದಲೇ, ಕನ್ನಡದಲ್ಲಿ, ಅದೇ ಊರಿಗೆ ಹೋಗಿ ಹೇಳಿ. ಏನೂ ಸಿಗಲಿಲ್ಲವೆಂದರೆ ಅದನ್ನೂ ಹೇಳಿ.

ಇಷ್ಟೆಲ್ಲ ಕೇಳಿ ಹೆದರಬೇಡಿ, ನಿಮ್ಮ ಮೇಲೆ ನನಗೆ ಭರವಸೆ ಇದೆ. ಈಗ ಒಂದೇ ಕೆಲಸ ಮಾಡಿ. ಮೊದಲ ಸಭೆಯನ್ನು ಬೆಂಗಳೂರಿನ ಹೋಟೆಲಿನಲ್ಲಿ ಇಡುವುದಾಗಿ ಬರೆದಿದ್ದೀರಲ್ಲ, ಅದನ್ನು ಹೊಡೆದುಹಾಕಿ. ಶಿವಮೊಗ್ಗದಲ್ಲೋ ಸಾಗರದಲ್ಲೋ ಇಡಿ, ಮಳೆಗಾಲದಲ್ಲೇ ಇಡಿ. ತಾಲ್ಲೂಕು ಆರೋಗ್ಯಾಧಿಕಾರಿ, ವಲಯ ಅರಣ್ಯಾಧಿಕಾರಿ, ಪಶುವೈದ್ಯರು ಮೂವರಿಗೂ ಬಿಡುವಿರುವ ದಿನ ಕೇಳಿಕೊಂಡು ತಾರೀಖು ಗೊತ್ತುಮಾಡಿ.